ಮುಚ್ಚಳವಿಲ್ಲದ ಡಬ್ಬಿ

"ಹಚ್ಚೋದಾದ್ರೆ ಹಚ್ಚಿ. ಆದ್ರೆ ಮೇಲೆ ವಾರ್ನಿಶ್ ಹೊಡೀಬೇಡಿ. ಇದನ್ನ ಮುಚ್ಚಬಾರದು," ಅಂದ ಗುಜರಿ ಅಂಗಡಿಯ ಮುದುಕ.

ಪಾಲಿಶ್ ನಕ್ಕುಬಿಟ್ಟ. ಪುಡಿ ಹಚ್ಚಿ ಮೇಲೆ ವಾರ್ನಿಶ್ ಹೊಡೆಯದಿದ್ದರೆ ಬೆರಳು ತಾಗಿದಲ್ಲೆಲ್ಲ ಉದುರಿಹೋಗುತ್ತದೆ ಎಂಬುದು ನಿನ್ನೆ ಮೊನ್ನೆ ಬ್ರಶ್ ಹಿಡಿದವರಿಗೂ ಗೊತ್ತು.

ಪಾಲಿಶ್ ಎನ್ನುವುದು ಅವನ ಹೆಸರಲ್ಲ, ಕಸುಬು ನೋಡಿ ಜನ ಕೊಟ್ಟ ಬಿರುದು. ತುಕ್ಕು ತಿಂದ ಕಾರಿನ ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಷೋರೂಮಿನಿಂದ ಈಗಷ್ಟೇ ಇಳಿದಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಗ್ಯಾರೇಜನ್ನು ಬಂದರಿನ ಈ ಬೀದಿಗೆ ತಂದು ಆರು ತಿಂಗಳಾಗಿತ್ತು. ಹಗಲೆಲ್ಲ ತುಕ್ಕು ಮುಚ್ಚುವ ಈ ಮನುಷ್ಯನ ಸಂಜೆಯ ಹುಚ್ಚು ಮಾತ್ರ ತದ್ವಿರುದ್ಧ. ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧನೌಕೆ, ಟ್ಯಾಂಕು, ವಿಮಾನಗಳನ್ನು ಜೋಡಿಸುವುದು; ಹೊಚ್ಚ ಹೊಸ ಮಾಡೆಲ್ಲಿಗೆ ತುಕ್ಕು, ಮಸಿ, ಉಪ್ಪಿನ ಕಲೆ ಹತ್ತಿಸಿ, ಮೂವತ್ತು ವರ್ಷ ಕಡಲಲ್ಲಿ ಬೆಂದು ಬಂದಂತೆ ಕಾಣುವ ಹಾಗೆ ಮಾಡುವುದು. ಭಾನುವಾರ ಮಾಡೆಲ್ ಕ್ಲಬ್ಬಿನ ಸ್ಪರ್ಧೆಯಿತ್ತು. ಮೇಜಿನ ಮೇಲೆ ಗೇಣುದ್ದದ ಕಾವಲು ಹಡಗೊಂದು ತುಕ್ಕಿಗಾಗಿ ಕಾಯುತ್ತಿತ್ತು.

ಮುದುಕನ ಅಂಗಡಿಯ ಮೂಲೆಯಲ್ಲಿ ಮುಚ್ಚಳವಿಲ್ಲದ ತಗಡಿನ ಡಬ್ಬಿಯೊಂದಿತ್ತು. ಅದರಲ್ಲಿದ್ದ ಪುಡಿಯ ಬಣ್ಣ ಯಾವ ಕಂಪನಿಯ ಸೀಸೆಯಲ್ಲೂ ಸಿಗುವಂಥದ್ದಲ್ಲ. ಪಾಲಿಶ್ ಮೂರು ದಿನ ಬೆನ್ನು ಬಿಡಲಿಲ್ಲ.

"ಇದು ನಿಜವಾದ ಹಡಗಿನ ತುಕ್ಕು," ಅಂದ ಮುದುಕ, ದನಿ ತಗ್ಗಿಸಿ. "ತಳ ಪೂರ್ತಿ ತಿಂದುಹೋಗಿತ್ತು. ತೋರಿಸಿದ್ರೆ ಹಡಗು ನಿಂತುಬಿಡುತ್ತೆ ಅಂತ ಮೇಲೆ ಬಣ್ಣ ಬಳಿಸಿ ಕಳಿಸಿದ್ರು. ಬಳಿದವರಲ್ಲಿ ನಾನೂ ಒಬ್ಬ. ಇದೇ ಬಂದರಿನ ಬಾಯಲ್ಲಿ ಬುಡಮೇಲಾಯ್ತು. ಇಂಜಿನ್ ಕೋಣೇಲಿ ಒಬ್ಬ ಸಿಕ್ಕಿಹಾಕಿಕೊಂಡು ಎರಡು ದಿನ ಸುತ್ತಿಗೇಲಿ ಬಡೀತಿದ್ದ. ಎಲ್ಲರಿಗೂ ಕೇಳ್ತಿತ್ತು."

"ಆಮೇಲೆ?"

"ಆಮೇಲೆ ಕೇಳ್ಲಿಲ್ಲ. ಅವನ ತಾಯಿ ಈ ತುಕ್ಕನ್ನ ಕೆರೆದು, ಮಾಟ ಮಾಡೋರ ಹತ್ರ ಕೂತು ಮಂತ್ರ ಹಾಕಿಸಿ, ತಂದು ನನ್ನ ಕೈಗಿಟ್ಲು. ಕೇಳಿದೋರಿಗೆಲ್ಲ ತೋರಿಸು, ಕೊಡು. ಇದು ಯಾರ ಕೈಲಿದ್ದಾಗ ಮುಚ್ಚಿಹೋಗುತ್ತೋ ಅವನ ಮನೆಯವರ ಮೈ ಹೀಗೇ ತುಕ್ಕು ಹಿಡೀಲಿ ಅಂದ್ಲು. ನನಗೂ ನಿಮ್ಮ ಹಾಗೇ ನಗು ಬಂತು. ಡಬ್ಬಿಗೆ ಮುಚ್ಚಳ ಹಾಕಿದೆ. ನನ್ನ ಮಗಳು..."

ಮುದುಕ ಎರಡು ಚಮಚ ಪುಡಿಯನ್ನು ಅಗಲ ಬಾಯಿಯ ಲೋಟಕ್ಕೆ ಹಾಕಿಕೊಟ್ಟ.

"ಅಜ್ಜಾ, ಕತೆ ಪುಡಿಗಿಂತ ಚೆನ್ನಾಗಿದೆ," ಅಂದ ಪಾಲಿಶ್.

ಪುಡಿ ಬೆಣ್ಣೆಯಂತೆ ಕೂತಿತು. ನೀರಿನ ಗೆರೆಯ ಉದ್ದಕ್ಕೂ, ಲಂಗರಿನ ಕೆಳಗೆ, ಮೊಳೆಗಳ ಸುತ್ತ. ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಬಣ್ಣ ಹಚ್ಚುವವನೇ ಕೆಲಸಗಾರ ಎಂಬ ಜಂಬ ಅವನಿಗಿತ್ತು. ಹಾಗಾಗಿ ಒಳಗಿನ ಇಂಜಿನ್ ಕೋಣೆಗೂ ಹಚ್ಚಿದ. ಎಲ್ಲದರ ಮೇಲೂ ವಾರ್ನಿಶ್ ಹೊಡೆದ. ಅದು ಒಣಗಿದ ಮೇಲೆ ಮೇಲ್ಗಡೆಯ ಡೆಕ್ಕಿನ ಅಟ್ಟವನ್ನು ಅಂಟು ಹಾಕಿ ಕೂರಿಸಿ, ಹಡಗಿನ ಹೊಟ್ಟೆಯನ್ನು ಮುಚ್ಚಿದ.

"ರೀ, ಏನಿದು ವಾಸನೆ? ಮೀನೂ ಅಲ್ಲ, ಕಬ್ಬಿಣವೂ ಅಲ್ಲ," ಅಂದಳು ಹೆಂಡತಿ ಮಾರನೆಯ ಬೆಳಿಗ್ಗೆ. ಕುಡಿಯುವ ನೀರು ಮೊಳೆ ಚೀಪಿದ ಹಾಗಿದೆ ಎಂದೂ ಅಂದಳು. ಅವನಿಗೂ ಹಾಗೇ ಅನಿಸಿತ್ತು. ತಪ್ಪನ್ನು ಹಳೆಯ ಪೈಪಿನ ಮೇಲೆ ಹಾಕಿದ.

ಶುಕ್ರವಾರ ಅವಳ ಕತ್ತಿನ ಎಡಗಡೆ ಕಂದು ಕಲೆಯೊಂದು ಎದ್ದಿತು. ಡಾಕ್ಟರು ಅಲರ್ಜಿ ಎಂದು ಮಾತ್ರೆ ಬರೆದುಕೊಟ್ಟರು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಲೆ ಪಕ್ಕೆಯವರೆಗೆ ಇಳಿದಿತ್ತು. ಹಾಸಿಗೆಯ ಮೇಲೆ ಕೆಂಪು ಹೊಪ್ಪಳೆಗಳು ಉದುರಿದ್ದವು. ಪಾಲಿಶ್ ಒಂದನ್ನು ಎತ್ತಿ ನೋಡಿದ. ದಿನಾ ಕಾರಿನ ಬಾಗಿಲಿನಿಂದ ಕೆರೆದು ಹಾಕುವ ಪದಾರ್ಥವನ್ನು ಅವನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

"ಉಸಿರಾಡೋಕೆ ಆಗ್ತಿಲ್ಲ ಕಣ್ರೀ," ಅಂದಳು. ಕಣ್ಣು ಮೇಲಾದವು.

ಆಗ ಕೇಳಿಸಿತು. ಟಕ್. ಟಕ್. ಪಕ್ಕದ ಕೋಣೆಯಿಂದ. ಮೇಜಿನ ಮೇಲಿನ ಹಡಗಿನ ಹೊಟ್ಟೆಯೊಳಗಿಂದ. ಯಾರೋ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು.

ಅವನು ಹೆಂಡತಿಯ ಎದೆಗೆ ಕಿವಿ ಇಟ್ಟ. ಅಲ್ಲಿ ಬಡಿತವಿರಲಿಲ್ಲ. ಅಲ್ಲೂ ಟಕ್. ಟಕ್. ಕಬ್ಬಿಣದ ಮೇಲೆ ಕಬ್ಬಿಣ.

ಅಂಗಡಿಗೆ ಫೋನು ಹಚ್ಚಿದ.

"ಮುಚ್ಚಿದ್ರಾ?" ಅಂದ ಮುದುಕ. ಬೇರೇನೂ ಕೇಳಲಿಲ್ಲ.

"ಹೂಂ."

"ತೆಗೀರಿ. ಒಂದು ಚುಕ್ಕೆನೂ ಬಿಡಬೇಡಿ. ಬಡಿಯೋದು ನಿಲ್ಲೋದ್ರೊಳಗೆ ತೆಗೀರಿ."

ಥಿನ್ನರಿನ ಬಾಟಲಿ ಬಗ್ಗಿಸಿದ. ಹತ್ತಿ ಅದ್ದಿ ಉಜ್ಜಿದ. ಎಡಪಕ್ಕದ ವಾರ್ನಿಶ್ ಜಿಡ್ಡಾಗಿ ಕರಗಿ ಬಂತು. ಒಳಕೋಣೆಯಲ್ಲಿ ಹೆಂಡತಿ ಒಂದು ಉಸಿರು ಎಳೆದಳು. ಬಲಪಕ್ಕ ಉಜ್ಜಿದ. ಇನ್ನೊಂದು ಉಸಿರು. ಹೊರಗೆ ಮೋಡ ಕವಿದು ಕೋಣೆ ಕತ್ತಲಾಯಿತು. ದೀಪ ಹಾಕಲು ಏಳಲಿಲ್ಲ. ಥಿನ್ನರಿನ ಘಾಟಿಗೆ ಕಣ್ಣು ಉರಿಯಿತು. ಲಂಗರು. ಮೊಳೆಗಳು. ನೀರಿನ ಗೆರೆ. ಎಲ್ಲ ಬಿಚ್ಚಿಕೊಂಡಿತು. ಆದರೂ ಟಕ್. ಟಕ್. ಈಗ ನಿಧಾನ. ಸೋತ ಕೈಯ ಬಡಿತ.

ಇಂಜಿನ್ ಕೋಣೆ.

ಚಾಕು ತುರುಕಿದ. ಅಟ್ಟ ಬಿಡಲಿಲ್ಲ. ತಾನೇ ಹಾಕಿದ ಅಂಟು, ಗಟ್ಟಿ ಕೆಲಸ. ತನ್ನ ಕೈಗೆ ತಾನೇ ಶಾಪ ಹಾಕಿದ. ಹಡಗನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಅಟ್ಟ ಸೀಳಿತು. ಒಳಗಿಂದ ತಣ್ಣನೆಯ ಉಪ್ಪುಗಾಳಿ ಮುಖಕ್ಕೆ ಬಡಿಯಿತು. ಒಳಗೆ ಕಪ್ಪು. ಆ ಸಂದಿಗೆ ಹತ್ತಿ ಹೋಗಲಿಲ್ಲ. ಬ್ರಶ್ ಹೋಗಲಿಲ್ಲ.

ಟಕ್.

ಬಲಗೈಯ ತೋರುಬೆರಳನ್ನು ಥಿನ್ನರಿಗೆ ಅದ್ದಿ ಒಳಗೆ ತೂರಿಸಿದ. ಕೆರೆದ. ಉಗುರು ಕಿತ್ತುಬಂತು. ಕೆರೆಯುತ್ತಲೇ ಇದ್ದ. ಒಳಗಿಂದ ಯಾರೋ ಬೆರಳು ಹಿಡಿದರು. ಪುಟ್ಟ ಕೈ, ಹಿಮದಂಥ ತಣ್ಣನೆ. ಅವನು ಕೂಗಲಿಲ್ಲ, ಬೆರಳನ್ನು ಎಳೆದುಕೊಳ್ಳಲೂ ಇಲ್ಲ. ಕೊನೆಯ ಹನಿ ವಾರ್ನಿಶ್ ಉಗುರಿಲ್ಲದ ಬೆರಳಿಗೆ ಅಂಟಿಕೊಂಡು ಬಂತು.

ಬಡಿತ ನಿಂತಿತು. ಒಳಕೋಣೆಯಲ್ಲಿ ಹೆಂಡತಿ ಕೆಮ್ಮಿ, "ಬಾಯಾರಿಕೆ," ಅಂದಳು. ಪಾಲಿಶ್ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತ.

ಅವಳ ಮೈಯ ಕಲೆ ಮೂರು ದಿನದಲ್ಲಿ ಮಾಯವಾಯಿತು. ಅವನ ಬೆರಳಿನ ಕಂದು ಅಂಗೈಗೆ ಹಬ್ಬಿ, ಮಣಿಕಟ್ಟಿನಲ್ಲಿ ನಿಂತಿತು. ಕೈ ಮರಗಟ್ಟಿತು. ಮುಟ್ಟಿದರೆ ಹೊಪ್ಪಳೆ ಉದುರುತ್ತಿತ್ತು. ಮುದುಕ ನೋಡಿ ಹಿಂದೆ ಸರಿದ.

"ಅದು ಈಗ ನಿಮ್ಮ ಕೈಲಿದೆ. ಬ್ಯಾಂಡೇಜು ಬೇಡ, ಗ್ಲೌಸು ಬೇಡ. ಈಗ ಯಾರೇ ಮುಚ್ಚಿದ್ರೂ ಅದು ಮೊದಲಿನ ಹಾಗೆ ದಿನಗಟ್ಟಲೆ ಕಾಯಲ್ಲ, ಮನೇಲಿ ಹೇಳಿಬಿಡಿ."

ಪಾಲಿಶ್ ತಲೆಯಾಡಿಸಿದ. ಆದರೆ ಮನೆಯಲ್ಲಿ ಆಸಿಡ್ ಬಿತ್ತು ಎಂದ. ತನ್ನ ಜಂಬಕ್ಕೆ ಅವಳು ಸಾಯುವುದರಲ್ಲಿದ್ದಳು ಎಂದು ಯಾವ ಬಾಯಲ್ಲಿ ಹೇಳುವುದು? ಹಾಗೆ ಹೇಳಲು ಅವನಿಗೆ ನಾಚಿಕೆಯಾಗಿತ್ತು. ಇಷ್ಟು ವರ್ಷ ತೂತಿಗೆ ಪುಟ್ಟಿ ಮೆತ್ತಿದ ಮನುಷ್ಯ ಇಲ್ಲೂ ಅದನ್ನೇ ಮಾಡಿದ.

ಗ್ಯಾರೇಜು ಮುಚ್ಚಿತು. ಎಡಗೈಯಲ್ಲಿ ಊಟ, ಎಡಗೈಯಲ್ಲಿ ಸಹಿ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಹೆಂಡತಿಗೆ ಅದನ್ನು ನೋಡಿ ಕರುಳು ಕಿವುಚಿದಂತಾಗುತ್ತಿತ್ತು. ಗ್ಲೌಸು ಹಾಕಿಕೊಳ್ಳಿ ಎಂದರೆ ಅವನು ಸಿಡುಕುತ್ತಿದ್ದ.

ಚಳಿ ಶುರುವಾದ ಒಂದು ಮಧ್ಯಾಹ್ನ ಅವನು ಊಟ ಮಾಡಿ ಕುರ್ಚಿಯಲ್ಲೇ ನಿದ್ದೆಹೋದ. ಆ ಕೈ ಕುರ್ಚಿಯ ತೋಳಿನ ಮೇಲೆ ಬರಿದಾಗಿ ಬಿದ್ದಿತ್ತು. ಎಚ್ಚರವಾದಾಗ ಅವಳು ಪಕ್ಕದಲ್ಲೇ ಕೂತಿದ್ದಳು, ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ನಗು. ಅವನ ಮಣಿಕಟ್ಟಿನವರೆಗೆ ಹೊಸ ಉಣ್ಣೆಯ ಕೈಗವಸು, ಅಚ್ಚುಕಟ್ಟಾಗಿ ಹೊಲಿದು ಕೂರಿಸಿದ್ದು.

"ಬೆಳಿಗ್ಗೆ ನೀವು ಏಳೋಕೆ ಮುಂಚೇನೇ ಒಂದು ಸಲ ಅಳತೆ ನೋಡ್ಬೇಕು ಅಂದ್ಕೊಂಡಿದ್ದೆ, ಆಗ್ಲಿಲ್ಲ. ಈಗ ನೀವು ಮಲಗಿ ಒಂದು ಗಂಟೆ ಆಯ್ತು, ಆಗ್ಲಿಂದ ಹಾಗೇ ಇದೆ. ನೋಯ್ಲಿಲ್ಲ ಅಲ್ವಾ?" ಅಂದಳು.

ಅವನು ಹಲ್ಲಿನಲ್ಲಿ ಕಚ್ಚಿ ಹೊಲಿಗೆ ಹರಿಯತೊಡಗಿದ. ಅವಳು ಬೆಚ್ಚಿ, ಏನಾಯ್ತು ಎಂದು ಕೇಳಲು ಬಾಯಿ ತೆರೆದಳು. ನಾಲಗೆ ಕಂದಾಗಿತ್ತು. ಮಾತು ಬರಲಿಲ್ಲ. ಅವಳ ಎದೆಯೊಳಗಿಂದ, ಬಹಳ ನಿಧಾನವಾಗಿ, ಒಂದೇ ಒಂದು ಸಲ ಬಡಿದ ಸದ್ದು ಬಂತು. ಅವನು ಕಿವಿಗೊಟ್ಟು ಕಾದ. ಇನ್ನೊಂದು ಬರಲಿಲ್ಲ.