ತೂತುಗೂಡಿಗೆ ಹೇಳಿದ ಹೆಸರು

“ಹೆಸ್ರಿನ ಜಾಗ ಖಾಲಿ ಬುಡವ್ವ. ಅದೊಂದು ತುಂಬ್‌ಬ್ಯಾಡ.”

ಸಿದ್ದಮ್ಮ ಹೀಗೆಂದದ್ದು ಮೊಬೈಲಿನ ಕ್ಯಾಮೆರಾ ಆಫ್ ಆದ ಮೇಲೆ. ಆನ್ ಇದ್ದಿದ್ದರೆ ಸೌಮ್ಯ ಅದನ್ನೂ ಸಿನಿಮಾಕ್ಕೆ ಸೇರಿಸಿಕೊಂಡುಬಿಡುತ್ತಿದ್ದಳು. “ಆಯ್ತು ಅಜ್ಜಿ, ಜಾಗ ಬಾಡಿಗೆಗಿದೆ ಅಂತ ಬೋರ್ಡ್ ಹಾಕ್ತೀನಿ,” ಎಂದು ನಕ್ಕಳು. ಸಿದ್ದಮ್ಮ ನಗಲಿಲ್ಲ. ಕೈಯಲ್ಲಿದ್ದ ರೇಷ್ಮೆಗೂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದುಹೋದಳು.

ಸೌಮ್ಯ ಅಪ್ಪನ ವರ್ಗಾವಣೆಯ ಬೆನ್ನಿಗೆ ಮೈಸೂರಿನಿಂದ ಚನ್ನಪಟ್ಟಣಕ್ಕೆ ಬಂದು ಆರು ತಿಂಗಳಾಗಿತ್ತು. ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು. ಅವಳಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ದೆವ್ವದಲ್ಲಿ ಇರಲಿಲ್ಲ. ಮೊಬೈಲಿನ ಮೂಲೆಯಲ್ಲಿ ಕಾಣುವ ಬ್ಯಾಟರಿಯ ಅಂಕಿಯಲ್ಲಿ ಮಾತ್ರ ಅಚಲ ನಂಬಿಕೆ ಇತ್ತು. ಜಿಲ್ಲಾಮಟ್ಟದ ಕಿರುಚಿತ್ರ ಸ್ಪರ್ಧೆಗೆ ಹೆಸರು ಕೊಟ್ಟಾಗ, ಸಹಪಾಠಿ ಕೆಂಪರಾಜು ತನ್ನ ಅಜ್ಜಿಯ ವಿಷಯ ಹೇಳಿ ಅವಳನ್ನು ವಿರೂಪಾಕ್ಷಿಪುರದ ಆಚೆಯ ತನ್ನ ಊರಿಗೆ ಕರೆತಂದಿದ್ದ.

ಕೆಂಪರಾಜುವಿನ ಆಸ್ತಿ ಎಂದರೆ ಅವನ ಗಂಟಲು. ಶನಿವಾರ ಭಾನುವಾರ ಆಟೋದಲ್ಲಿ ಮೈಕು ಹಿಡಿದು ಕೂತು, ಕಣ್ಣಿನ ತಪಾಸಣಾ ಶಿಬಿರದಿಂದ ಹಿಡಿದು ಸೀರೆ ಮಾರಾಟದವರೆಗೆ ಮಾಗಡಿ, ಕನಕಪುರದ ಬೀದಿಬೀದಿಗೆ ಸಾರಿಕೊಂಡು ಬರುತ್ತಿದ್ದ. ಎರಡು ಬೀದಿ ಆಚೆಯಿಂದಲೇ ಹೆಂಗಸರು ಅವನ ದನಿ ಗುರುತು ಹಿಡಿದು ಬಾಗಿಲಿಗೆ ಬರುತ್ತಿದ್ದರಂತೆ, ಹೇಳಿದವನು ಅವನೇ. ಬೆಂಗಳೂರಿನ ಒಂದು ರೇಡಿಯೋದವರು ಮುಂದಿನ ತಿಂಗಳು ದನಿ ಪರೀಕ್ಷೆಗೆ ಕರೆದಿದ್ದರು. ಆ ದಿನಾಂಕವನ್ನು ಅವನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡಿದ್ದ. ಅಳಿಸಿದಂತೆಲ್ಲ ಮತ್ತೆ ಬರೆಯುತ್ತಿದ್ದ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದಳು. ಅವನನ್ನು ಸಾಕಿದವಳು, ಮಾತು ಕಲಿಸಿದವಳು ಈ ಸಿದ್ದಮ್ಮ.

ಸಿದ್ದಮ್ಮನ ಗಂಡ ಚೆಲುವಯ್ಯ ಬಾಯಿಕಟ್ಟು ಹಾಕುವುದರಲ್ಲಿ ಹೆಸರಾಗಿದ್ದವನು. ಚಿಟ್ಟೆ ಕೊರೆದು ಹೊರಬಿದ್ದ ರೇಷ್ಮೆಗೂಡು ನೂಲಿಗೆ ಬಾರದು, ಅದು ತೂತುಗೂಡು. ಅದರ ತೂತಿಗೆ ಬಾಯಿಟ್ಟು, ಮಂತ್ರದ ನಡುವೆ ತಾಯಿಯ ಹೆಸರು, ಮಗುವಿನ ಹೆಸರು ಉಸುರಿ, ಆಟಿಕೆಗೆ ಬಣ್ಣ ಹಿಡಿಸುವ ಅರಗನ್ನು ಕಾಯಿಸಿ ಬಿರಡೆ ಹಾಕಿಬಿಟ್ಟರೆ ಆಯಿತು. ಒಂದು ಸಲ ಹೇಳಿದರೆ ಒಂದು ದಿನ ಆ ಹೆಸರಿನವರ ಬಾಯಿ ಏಳುವುದಿಲ್ಲ. ಕೋರ್ಟಿನಲ್ಲಿ ಎದುರು ಪಾರ್ಟಿಯ ಸಾಕ್ಷಿ ಮೂಕನಾಗಲು ಒಂದು ದಿನ ಧಾರಾಳವಾಯಿತು. ಕುದೂರಿನಿಂದೆಲ್ಲ ಬಸ್ಸು ಹತ್ತಿ ಬರುತ್ತಿದ್ದರು. ವಾಯಿದೆ ಮುಂದಕ್ಕೆ ಹೋದರೆ ಮತ್ತೆ ಬರಬೇಕಾಗುತ್ತಿತ್ತು; ಅದರಲ್ಲಿ ಚೆಲುವಯ್ಯನಿಗೂ ವಕೀಲರಿಗೂ ಅಂಥ ವ್ಯತ್ಯಾಸವಿರಲಿಲ್ಲ. ಕೊನೆಗೆ ಅವನು ಮೂರು ದಿನ ನೀರು ಎಂದು ಕೇಳಲೂ ಬಾಯಿ ಏಳದೆ ಸತ್ತ. ಜೊತೆಗಿದ್ದು ಎಲ್ಲವನ್ನೂ ಕಲಿತಿದ್ದ ಸಿದ್ದಮ್ಮ ಅವತ್ತಿನಿಂದ ಆ ಕಡೆ ತಿರುಗಿ ನೋಡಿರಲಿಲ್ಲ.

ಈಗ ಮೊಮ್ಮಗ ಕೇಳಿದನೆಂದು ಸಿನಿಮಾಕ್ಕೆ ಮಾಡಿ ತೋರಿಸಲು ಒಪ್ಪಿಕೊಂಡಳು. ಆದರೆ ಶೂಟಿಂಗಿನಲ್ಲಿ ಹೆಸರಿನ ಜಾಗ ಬಂದಾಗ ತುಟಿ ಮಾತ್ರ ಆಡಿಸಿದಳು, ದನಿ ಬಿಡಲಿಲ್ಲ. ಬರಿದು ಗೂಡಿಗೇ ಅರಗು ಹಾಕಿದಳು.

ಎಡಿಟ್ ಮಾಡಿದ ಸಿನಿಮಾ ನೋಡಿದ ಕಾಲೇಜಿನ ಮನೋಹರ್ ಮೇಷ್ಟ್ರು ಎಲ್ಲ ಚೆನ್ನಾಗಿದೆ ಎಂದರು, ಒಂದು ಬಿಟ್ಟು. ಅಜ್ಜಿಯ ತುಟಿ ಆಡುತ್ತೆ, ದನಿ ಇಲ್ಲ. ತೀರ್ಪುಗಾರರು ಆಡಿಯೋ ಕೈಕೊಟ್ಟಿದೆ ಅಂದುಕೊಳ್ಳುತ್ತಾರೆ ಎಂದರು. ಸೌಮ್ಯಳಿಗೆ ಅವಮಾನವಾಯಿತು. ಮಾಟಕ್ಕೆ ಹೆದರದವಳು ಆಡಿಯೋ ದೋಷಕ್ಕೆ ಹೆದರಿದಳು.

ಅವಳ ಲ್ಯಾಪ್‌ಟಾಪಿನಲ್ಲಿ ಸಿದ್ದಮ್ಮ ರೇಷ್ಮೆಹುಳುವಿನ ಬಗ್ಗೆ ಮಾತಾಡಿದ ನಲವತ್ತು ನಿಮಿಷದ ರೆಕಾರ್ಡಿಂಗ್ ಇತ್ತು. ಯಾರದೇ ದನಿ ಕೇಳಿಸಿದರೆ ಅದೇ ದನಿಯಲ್ಲಿ ನಾವು ಬರೆದದ್ದನ್ನೆಲ್ಲ ಆಡಿ ತೋರಿಸುವ ಆಪ್ ಇತ್ತು. ಇಲ್ಲದ್ದು ಎರಡು ಹೆಸರು. ಸಿನಿಮಾದಲ್ಲಿ ಬಾಯಿ ಕಟ್ಟಿಸಿಕೊಳ್ಳುವವನ ಪಾತ್ರ ಕೆಂಪರಾಜುವಿನದು. ಫೋನ್ ಮಾಡಿ ಕೇಳಿದಳು. ಅವನು ಮಾಗಡಿ ಸಂತೆಯ ಗದ್ದಲದಲ್ಲಿದ್ದ.

“ನಂದೇ ಹಾಕಿ ಡೈರೆಕ್ಟ್ರೇ, ಬಿಟ್ಟಿ ಪಬ್ಲಿಸಿಟಿ. ಅಜ್ಜಿಗೆ ಮಾತ್ರ ಹೇಳ್‌ಬ್ಯಾಡಿ, ಸೌದೆ ತಗೋತಾಳೆ.”

ತಾಯಿಯ ಹೆಸರನ್ನು ಕೇಳಬೇಕಾಗಿಯೇ ಬರಲಿಲ್ಲ. ಅರ್ಪಣೆಯ ಸಾಲಿನಲ್ಲಿ ಅವನೇ ಟೈಪ್ ಮಾಡಿಟ್ಟಿದ್ದ: ಪುಟ್ಟಮಾದಮ್ಮನ ನೆನಪಿಗೆ. ಸೌಮ್ಯ ಅದನ್ನು ಕಾಪಿ ಮಾಡಿದಳು.

ಆಪ್ ಒಂದು ನಿಮಿಷ ಯೋಚಿಸಿತು. ಆಮೇಲೆ ಸಿದ್ದಮ್ಮನ ದನಿಯಲ್ಲಿ, ಅವಳದೇ ಎಳೆತದಲ್ಲಿ, ಮಾತಿನ ಕೊನೆಗೆ ಬರುವ ಆ ಸಣ್ಣ ಉಬ್ಬಸದ ಸಮೇತ ಹೇಳಿತು: ಪುಟ್ಟಮಾದಮ್ಮನ ಹೊಟ್ಟೆಯ ಕೆಂಪರಾಜು. ತುಟಿಗೂ ದನಿಗೂ ಕೂದಲೆಳೆಯ ಅಂತರವಿರಲಿಲ್ಲ. ಸೌಮ್ಯಳಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವಷ್ಟು ಹೆಮ್ಮೆಯಾಯಿತು. ಕೋಣೆಯಲ್ಲಿ ಎಲ್ಲಿಂದಲೋ ಸುಟ್ಟ ಅರಗಿನ ವಾಸನೆ ಬಂತು. ಚಾರ್ಜರ್ ಬಿಸಿಯಾಗಿದೆ ಎಂದು ಪ್ಲಗ್ ಕಿತ್ತಿಟ್ಟಳು.

ಸಿನಿಮಾ ಯೂಟ್ಯೂಬಿಗೆ ಹೋದ ದಿನ ನೂರು ಜನ ನೋಡಿದರು. ಎರಡನೆಯ ದಿನ ಯಾರೋ ಪುಣ್ಯಾತ್ಮರು ಮಂತ್ರದ ಭಾಗವನ್ನಷ್ಟೇ ಕತ್ತರಿಸಿ, ‘ಅಸಲಿ ಬಾಯಿಕಟ್ಟು, ಧೈರ್ಯವಿದ್ದರೆ ಪೂರ್ತಿ ಕೇಳಿ’ ಎಂದು ತಲೆಬರಹ ಕೊಟ್ಟು ಹರಿಯಬಿಟ್ಟರು. ನಾಡಿನಲ್ಲಿ ಧೈರ್ಯವಂತರಿಗೆ ಬರವಿಲ್ಲ. ಮೂರನೆಯ ದಿನ ಮಧ್ಯಾಹ್ನಕ್ಕೆ ಹನ್ನೊಂದು ಸಾವಿರವಾಯಿತು. ಸೌಮ್ಯ ಸಂತೋಷದಿಂದ ಕೆಂಪರಾಜುವಿಗೆ ಫೋನ್ ಮಾಡಿದಳು. ಎತ್ತಿದ. ಮಾತಾಡಲಿಲ್ಲ. ಆ ಕಡೆ ಉಸಿರು ಮಾತ್ರ ಇತ್ತು, ಮುಚ್ಚಳ ಬಿಗಿದ ಡಬ್ಬಿಯೊಳಗೆ ಯಾರೋ ಉಸಿರಾಡಿದ ಹಾಗೆ.

ಆಟೋ ಡ್ರೈವರ್ ಮಕ್ಬೂಲ್ ಫೋನ್ ಇಸಿದುಕೊಂಡ. ಮೊನ್ನೆ ಪೇಟೆ ಬೀದಿಯಲ್ಲಿ ಕೆಂಪರಾಜು ‘ಕಣ್ಣಿನ ಉಚಿತ’ ಎನ್ನುವವರೆಗೆ ಹೇಳಿದನಂತೆ, ಅಲ್ಲಿಗೆ ನಿಂತುಹೋಯಿತಂತೆ. ಮೈಕ್ ಕೆಟ್ಟಿರಬೇಕೆಂದು ಮಕ್ಬೂಲ್ ಎರಡು ಸಲ ತಟ್ಟಿ ನೋಡಿದನಂತೆ.

“ಮೈಕು ಸರ್‍ಯಾಗೈತೆ ಕಣಮ್ಮ. ಹುಡ್ಗನ್ ಬಾಯೊಳ್ಗೆ ನೋಡ್ದೆ. ನಾಲ್ಗೆ ಮ್ಯಾಲೆ ಬಿಳೀದು ನೂಲ್ ನೂಲು.”

ಡಾಕ್ಟರು ಟಾರ್ಚ್ ಹಾಕಿ ನೋಡಿ ಫಂಗಸ್ ಎಂದು ಮಾತ್ರೆ ಬರೆದುಕೊಟ್ಟರು. ಎರಡು ದಿನ ಅದನ್ನು ನುಂಗಿದ. ಬೆರಳಿನಿಂದ ನೂಲು ಎಳೆದು ಹಾಕಿದಷ್ಟೂ ಒಳಗಿನಿಂದ ಇನ್ನಷ್ಟು ಬಂತು. ಹೊಳೆಯುವ, ಅಂಟಂಟು, ಒಂದೇ ಎಳೆ.

ಸೌಮ್ಯ ಕೆಂಪರಾಜುವಿನ ಊರಿಗೆ ಹೋದಾಗ ಹಾಡಹಗಲು. ಆದರೆ ಹುಳುಮನೆಗೆ ಹಗಲಿಲ್ಲ. ಕಿಟಕಿಗಳಿಗೆಲ್ಲ ಗೋಣಿತಾಟು ಇಳಿಬಿಟ್ಟು ಒಳಗೆ ಕಂದು ಕತ್ತಲು ಮಾಡಿಟ್ಟಿದ್ದರು. ಹಸಿ ಸೊಪ್ಪು, ಸುಣ್ಣ, ಹಿಕ್ಕೆಯ ಹುಳಿ ವಾಸನೆ. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದಂತಿತ್ತು. ಕೆಂಪರಾಜು ಮೂಲೆಯಲ್ಲಿ ಮೊಣಕಾಲಿಗೆ ಗಲ್ಲವೂರಿ ಕೂತಿದ್ದ. ಅಂಗೈಯ ದಿನಾಂಕ ಅಳಿಸಿತ್ತು. ಈ ಸಲ ಮತ್ತೆ ಬರೆದಿರಲಿಲ್ಲ.

ಸಿದ್ದಮ್ಮ ಮೊಬೈಲ್ ಕೇಳಿ ಇಸಿದುಕೊಂಡಳು. ತನ್ನ ದನಿ ಮೊಮ್ಮಗನ ಹೆಸರು ಹಿಡಿದು ಬಾಯಿ ಕಟ್ಟುವುದನ್ನು ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಸೌಮ್ಯಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

“ಎಷ್ಟ್ ಜನ ಕೇಳವ್ರೆ?”

“ಹದಿನೆಂಟು ಸಾವಿರ ಅಜ್ಜಿ.”

“ಅಷ್ಟು ದಿನ ಆಯ್ತು, ಹಂಗಾರೆ.”

ಸೌಮ್ಯ ಮನಸ್ಸಿನಲ್ಲೇ ಭಾಗಿಸಿದಳು. ನಲವತ್ತೊಂಬತ್ತು ವರ್ಷ. ಬಿಚ್ಚಿಬಿಡಿ ಎಂದು ಬೇಡಿದಳು. ಡಿಲೀಟ್ ಮಾಡಿಬಿಟ್ಟಿದ್ದೇನೆ, ಆದರೆ ಬೇರೆಯವರು ಹಾಕಿಕೊಂಡದ್ದು ಹೋಗುತ್ತಿಲ್ಲ ಎಂದಳು.

“ಗಂಟು ಹಾಕ್ದೋರೇ ಬಿಚ್ಚಬೇಕು ಕಣವ್ವ. ನಾನು ಹೇಳ್ಲಿಲ್ವಲ್ಲ. ಹೇಳಿದ್ದು ನಿನ್ ಪೆಟ್ಟಿಗೆ. ಅದ್ಕೆ ಬಾಯೆಲ್ಲೈತೆ ಬಿಚ್ಚಕೆ?” ಸಿದ್ದಮ್ಮ ಮೊಮ್ಮಗನ ಕಡೆ ನೋಡಿ ಮತ್ತೆ ಹೇಳಿದಳು: “ಬಿಚ್ಚಕಾಗಕಿಲ್ಲ. ಅವ್ನ ಬದ್ಲು ಇನ್ನೊಬ್ರು ಹೊರ್‍ಬೌದು.”

ಸೆರಗಿನ ಗಂಟು ಬಿಚ್ಚಿ ಅವಳು ಅದೇ ಗೂಡನ್ನು ಹೊರತೆಗೆದಳು. ಬರಿದಾಗಿ ಮುಚ್ಚಿದ ಗೂಡು. ಈಗ ಅದು ಅಂಗೈಯಲ್ಲಿ ಕಲ್ಲಿನಂತೆ ಭಾರವಾಗಿ ಕೂತಿತ್ತು. ಒಳಗಿನಿಂದ ಸದ್ದು ಬರುತ್ತಿತ್ತು. ಸೌಮ್ಯ ಕಿವಿ ಹತ್ತಿರ ತಂದಳು. ಪಿಸುದನಿ. ಕಣ್ಣಿನ ಉಚಿತ, ಕಣ್ಣಿನ ಉಚಿತ, ಕಣ್ಣಿನ ಉಚಿತ.

ತಲೆ ಹಿಂದಕ್ಕೆಳೆದುಕೊಂಡಳು.

ಸಿದ್ದಮ್ಮ ಮೊಮ್ಮಗನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನ ತಲೆ ನೇವರಿಸಿದಳು. ಬೇರೇನೂ ಮಂತ್ರ ಹೇಳಲಿಲ್ಲ. ದಿನಾ ಬಾಗಿಲಲ್ಲಿ ನಿಂತು ಕೂಗುವ ಹಾಗೆಯೇ ಕೂಗಿದಳು.

“ಕೆಂಪಾ, ಉಣ್ಣಾಕ್ ಬಾರ್ಲಾ.”

ಮೂರು ಸಲ ಕೂಗಿದಳು, ನಿಧಾನವಾಗಿ, ಪ್ರತಿ ಸಲವೂ ರುಚಿ ನೋಡಿ ಬಿಟ್ಟಂತೆ. ಕೆಂಪರಾಜುವಿಗೆ ಅರ್ಥವಾಗಿಬಿಟ್ಟಿತು. ಬೇಡವೆಂದು ತಲೆಯಾಡಿಸಿದ. ಅವಳ ಕೈ ಹಿಡಿದುಕೊಂಡ. ಬಾಯಿ ತೆರೆದ, ನೂಲಲ್ಲದೆ ಏನೂ ಬರಲಿಲ್ಲ. ಸೌಮ್ಯಳ ಕೈ ಮೊಬೈಲಿನ ಕಡೆ ಹೋಯಿತು. ಸಿದ್ದಮ್ಮ ಅವಳ ಮುಖ ನೋಡಿದಳು. ಮೊಬೈಲ್ ಬ್ಯಾಗಿಗೆ ಹೋಯಿತು.

ಸಿದ್ದಮ್ಮ ಗೂಡಿನ ಅರಗನ್ನು ಉಗುರಿನಲ್ಲಿ ಕಿತ್ತಳು. ತೂತಿಗೆ ಬಾಯಿ ಇಟ್ಟಳು. ತನ್ನ ತಾಯಿಯ ಹೆಸರು ಹೇಳಿದಳು. ತನ್ನ ಹೆಸರು ಹೇಳಿದಳು.

ಮಳೆ ನಿಂತಿತು.

ಅಲ್ಲ, ಹುಳು ಮೇಯುವುದು ನಿಂತಿತು. ಸೌಮ್ಯ ತಿರುಗಿ ನೋಡಿದಳು. ತಟ್ಟೆಗಳಲ್ಲಿ ಅಷ್ಟೂ ಹುಳು ತಲೆ ಎತ್ತಿದ್ದವು. ಜ್ವರ ಹಿಡಿದು ಪೊರೆ ಬಿಡುವಾಗ ಹಾಗೆ ಎತ್ತುತ್ತವೆಂದು ರೆಕಾರ್ಡಿಂಗಿನಲ್ಲಿ ಸಿದ್ದಮ್ಮನೇ ಹೇಳಿದ್ದಳು. ಆದರೆ ಇವು ಕೊನೆಯ ಜ್ವರ ಮುಗಿಸಿ ಎದ್ದು ನಾಲ್ಕು ದಿನವಾಗಿತ್ತು. ಈಗ ಎತ್ತಬಾರದು. ಎತ್ತಿದ್ದವು. ಒಂದೂ ಅಲುಗಲಿಲ್ಲ. ಅರಗಿನ ಹೊಗೆ ಕಣ್ಣಿಗೆ ಹತ್ತಿತು. ಒಲೆ ಇರಲಿಲ್ಲ. ಬೆಂಕಿ ಇರಲಿಲ್ಲ. ಗೂಡಿನ ಬಾಯಿಗೆ ಕೆಂಪು ಅರಗು ತಾನಾಗಿ ಹರಿಯಿತು. ಮುಚ್ಚಿತು. ಗೋಣಿತಾಟು ಒಮ್ಮೆ ಒಳಕ್ಕೆ ಉಬ್ಬಿತು. ಯಾರೋ ಕೆಮ್ಮಿದರು. ಮತ್ತೆ ಕೆಮ್ಮಿದರು. ಕೆಂಪರಾಜು ನೆಲಕ್ಕೆ ಬಾಗಿ ಕಾರುತ್ತಿದ್ದ. ಬಿಳಿ ನೂಲು. ಮೊಳ. ಮಾರು. ಮತ್ತೂ ಬಂತು. ಆಮೇಲೆ ನಿಂತಿತು.

“ಅಜ್ಜಿ,” ಎಂದ ಕೆಂಪರಾಜು.

ಸಿದ್ದಮ್ಮ ನಕ್ಕಳು. ಆ ನಗುವಿಗೆ ಸದ್ದಿರಲಿಲ್ಲ. ಸೆರಗಿನಿಂದ ತುಟಿಯ ಮೇಲಿನ ಒಂದು ಬಿಳಿ ಎಳೆಯನ್ನು ಒರೆಸಿಕೊಂಡು, ಎದ್ದು, ಹುಳುಗಳಿಗೆ ಸೊಪ್ಪು ಹಾಕಲು ಹೋದಳು. ಸ್ವಲ್ಪ ಹೊತ್ತಿಗೆ ಸೋನೆ ಮತ್ತೆ ಹಿಡಿಯಿತು.

ಸ್ಪರ್ಧೆಯಲ್ಲಿ ಸೌಮ್ಯಳ ಸಿನಿಮಾಕ್ಕೆ ಧ್ವನಿಗಾಗಿ ವಿಶೇಷ ಬಹುಮಾನ ಬಂತು. ತುಟಿಚಲನೆಯ ಸಹಜತೆಯನ್ನು ತೀರ್ಪುಗಾರರು ಎತ್ತಿ ಹೇಳಿದರು. ಅವಳು ವೇದಿಕೆಗೆ ಹೋಗಲಿಲ್ಲ. ಮನೋಹರ್ ಮೇಷ್ಟ್ರು ಇಸಿದುಕೊಂಡು ಬಂದು ಕಾಲೇಜಿನ ಬೀರುವಿನಲ್ಲಿಟ್ಟರು.

ಕೆಂಪರಾಜು ದನಿ ಪರೀಕ್ಷೆಯಲ್ಲಿ ಪಾಸಾದ. ಬೆಂಗಳೂರಿನ ಆ ಕೆಲಸಕ್ಕೆ ಮಾತ್ರ ಹೋಗಲಿಲ್ಲ. ಅಜ್ಜಿಯನ್ನು ನೋಡಿಕೊಳ್ಳಬೇಕು ಎಂದ. ಈಗಲೂ ಆಟೋದಲ್ಲಿ ಸಾರುತ್ತಾನೆ. ಊಟದ ಹೊತ್ತಿಗೆ ಸಿದ್ದಮ್ಮ ಬಾಗಿಲಲ್ಲಿ ನಿಂತು ತಟ್ಟೆಯನ್ನು ಸೌಟಿನಿಂದ ಮೂರು ಸಲ ಬಡಿಯುತ್ತಾಳೆ. ಊರಿನವರಿಗೆ ಅದು ರೂಢಿಯಾಗಿದೆ.

ಒಂದು ಸಲ ಸೌಮ್ಯ ಲ್ಯಾಪ್‌ಟಾಪ್ ಒಯ್ದು, ಆ ದನಿ ಇನ್ನೂ ಇದರಲ್ಲಿದೆ, ಬೇಕಾದರೆ ಅಜ್ಜಿ ಕರೆದ ಹಾಗೇ ಕರೆಸುತ್ತೇನೆ ಎಂದಳು. ಆಪ್ ಅಚ್ಚುಕಟ್ಟಾಗಿ ಕೂಗಿತು. ಉಬ್ಬಸವೂ ಇತ್ತು. ಕೆಂಪರಾಜು ಕೊನೆಯವರೆಗೆ ಕೇಳಿಸಿಕೊಂಡ.

“ಅಳಿಸ್‌ಬುಡಿ. ಇದು ಉಣ್ಣಾಕ್ ಕರೀತಿಲ್ಲ.”

ಅಳಿಸಿದಳು, ನಲವತ್ತು ನಿಮಿಷದ ಆ ರೆಕಾರ್ಡಿಂಗ್ ಸಮೇತ. ಅಲ್ಲಿಗೆ ಸಿದ್ದಮ್ಮನ ದನಿ ಎಂದು ಲೋಕದಲ್ಲಿ ಉಳಿದದ್ದು ಆ ಒಂದೇ ತುಣುಕಿನಲ್ಲಿ, ಅವಳು ಎಂದೂ ಆಡದ ಆ ಒಂದೇ ಮಾತಿನಲ್ಲಿ.

ವಾಪಸು ಬರುವಾಗ ಬಸ್ಸು ಬೈರಾಪಟ್ಟಣ ದಾಟಿತ್ತು. ಸೌಮ್ಯ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಮುಂದಿನ ಸೀಟಿನಲ್ಲಿ, ಬಿಳಿ ಪಂಚೆ ಉಟ್ಟು ಮಡಿಲಲ್ಲಿ ಗೂಡಿನ ಖಾಲಿ ಚೀಲ ಇಟ್ಟುಕೊಂಡಿದ್ದ ಒಬ್ಬರು ಮೊಬೈಲ್ ನೋಡುತ್ತಿದ್ದರು. ಆ ದನಿ ಶುರುವಾಯಿತು. ಪುಟ್ಟಮಾದಮ್ಮನ ಹೊಟ್ಟೆಯ. ಮುಗಿಯಿತು. ತಾನಾಗಿಯೇ ಮತ್ತೆ ಶುರುವಾಯಿತು. ಅಜ್ಜಿಯ ಲೆಕ್ಕಕ್ಕೆ ಒಂದು ದಿನ. ಇನ್ನೊಂದು ದಿನ.

ಸೌಮ್ಯ ಎದ್ದು ಬಗ್ಗಿ, ದಯವಿಟ್ಟು ಅದನ್ನು ನಿಲ್ಲಿಸಿ ಅಣ್ಣ ಎಂದಳು. ಅವರು ತಿರುಗಿದರು. ಹುಡುಗಿಯ ಕಣ್ಣು ತುಂಬಿದ್ದು ಕಂಡು, ಹೆದರಿದ್ದಾಳೆಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ನಕ್ಕರು.

“ಬರೀ ಸಿನಿಮಾ ಕಣವ್ವ ಇದು. ಬೋ ಚೆಂದಾಗಿ ಮಾಡವ್ರೆ. ನಂಬರ್ ಹೇಳು, ನಿಂಗೂ ಕಳುಸ್ತೀನಿ.”