ಬರ್ತೀನಿ ಅನ್ನಬಾರದ ಮನೆ

"ಒಳಗೆ ಏನು ಬೇಕಾದ್ರೂ ಮಾತಾಡು. ಹೊರಡೋವಾಗ ಮಾತ್ರ 'ಬರ್ತೀನಿ' ಅನ್ಬೇಡ."

ಕೀಲಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲಿಂದ ಕೈ ತೆಗೆಯದೆಯೇ ಹಿರಿಯ ದಲ್ಲಾಳಿ ಈ ಮಾತು ಹೇಳಿದರು. ಮನೆ ಮಾರಿಸುವ ಆ ಆಫೀಸಿನಲ್ಲಿ ಎಲ್ಲರೂ ಅವರನ್ನು ಮಾವ ಅನ್ನುತ್ತಿದ್ದರು. ಹೊಸದಾಗಿ ಸೇರಿದ ಹೆಂಗಸಿಗೆ ಕೀಲಿಯಕ್ಕ ಎಂಬ ಹೆಸರು ಬಿದ್ದಿತ್ತು. ಸೊಂಟದಲ್ಲಿ ಸದಾ ಪರರ ಮನೆಗಳ ಕೀಲಿಗೊಂಚಲು, ತನಗೆ ಮಾತ್ರ ಸ್ವಂತದ್ದೊಂದು ಗೂಡೂ ಇಲ್ಲ.

ಅವಳಿಗೆ ನಗು ಬಂತು. "ಮತ್ತೇನು ಮಾವ, 'ಹೋಗ್ತೀನಿ' ಅನ್ಲಾ? ಹಾಗಂದ್ರೆ ನಮ್ಮಮ್ಮ ತುಟಿ ಮೇಲೆ ಬಾರಿಸ್ತಿದ್ಲು. ಹೋಗೋದು ಒಂದೇ ಸಲ, 'ಹೋಗಿ ಬರ್ತೀನಿ' ಅನ್ನು ಅಂತ."

"ಏನೂ ಅನ್ಬೇಡ. ಬಾಯಿ ಮುಚ್ಕೊಂಡು ಬಾಗಿಲು ಎಳ್ಕೊಂಡು ಬಾ. ಮತ್ತೆ ಆ ಮನೆ ಹೇಗಿದೆಯೋ ಹಾಗೇ ಇರ್ಲಿ. ರಿಪೇರಿ ಗಿಪೇರಿ ಬೇಡ."

"ಆಯ್ತು ಬಿಡಿ. ಮನೆ ಮಾರೋಕೆ ಮೌನವ್ರತ ಬೇರೆ!"

ಮಾವ ನಗಲಿಲ್ಲ. ಅವರ ಕಣ್ಣಿಗೆ ಪೊರೆ ಬಂದು ಆಪರೇಷನ್ ನಿಗದಿಯಾಗಿತ್ತು. ಇಲ್ಲದಿದ್ದರೆ ಆ ಕೀಲಿಯನ್ನು ಅವರು ಇನ್ನೊಬ್ಬರ ಕೈಗೆ ಕೊಡುತ್ತಲೇ ಇರಲಿಲ್ಲ. ಮಾಲೀಕರು ಎಲ್ಲೋ ದೂರದಲ್ಲಿದ್ದರು. ಮಾರಿ ಮಾರಿ ಅಂತ ಫೋನು ಮಾಡುತ್ತಿದ್ದರು, ಮಾವ ಮಾರುತ್ತಲೇ ಇದ್ದರು, ಮನೆ ಮಾತ್ರ ಮಾರಾಟವಾಗುತ್ತಿರಲಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಮಾರಿ ನೋಡು ಅನ್ನುವುದನ್ನು ಮರೆತೇಬಿಟ್ಟಿದ್ದಾರೆ ನೋಡಿ.

ಕೀಲಿಯಕ್ಕ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಒಣಗದ ಗೋಣಿಚೀಲದ ಮುಗ್ಗಲು. ಅದರ ಹಿಂದೆಯೇ ಸುಟ್ಟ ಕೂದಲಿನ ಕಮಟು. ಹೊಸ್ತಿಲು ಎಷ್ಟು ಎತ್ತರವೆಂದರೆ ಕಾಲಿಟ್ಟ ಕೂಡಲೇ ಎಡವಿದಳು. ನಡುಮನೆಗೆ ಪಿತ್ತ ಕಾರಿಕೊಂಡಂಥ ಹಸಿರುಬಣ್ಣ. ಇದ್ದ ಒಂದೇ ದೊಡ್ಡ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಊಟಕ್ಕೆ ಕೂರುವ ಜಾಗಕ್ಕೆ ನೇರ ಎದುರಲ್ಲಿ ಪಾಯಿಖಾನೆಯ ಬಾಗಿಲು, ಅದಕ್ಕೂ ಚಿಲಕವಿಲ್ಲ. ಪಕ್ಕದ ತಗಡಿನ ವರ್ಕ್‌ಶಾಪಿನಿಂದ ಠಣ್ ಠಣ್ ಸುತ್ತಿಗೆ ಏಟು. ಒಳಗಿನ ಕೋಣೆಯಲ್ಲಿ ನಡುಹಗಲೂ ಕತ್ತಲೆ, ಕೈ ಚಾಚಿದರೆ ಬೆರಳು ಕಾಣದಷ್ಟು.

ನೋಡಲು ಬಂದವರು ಮೂಗು ಮುಚ್ಚಿಕೊಂಡು, ಮುಖ ಕಿವುಚಿಕೊಂಡು ಹೊರಬೀಳುತ್ತಿದ್ದರಂತೆ. ಈ ಕಸುಬಿನಲ್ಲಿ ಬಾಯಿಮಾತಿನಲ್ಲೇ ಎಲ್ಲ ತಿಳಿಯುತ್ತದೆ. ಮನೆ ಹಿಡಿಸದವರು "ಹೇಳ್ತೀವಿ" ಅನ್ನುತ್ತಾರೆ, ಹಿಡಿಸಿದವರು "ಬರ್ತೀವಿ" ಅನ್ನುತ್ತಾರೆ. ಈ ಮನೆಯಲ್ಲಿ "ಹೇಳ್ತೀವಿ" ಅನ್ನುವಷ್ಟು ಸೌಜನ್ಯವನ್ನೂ ಯಾರೂ ತೋರಿಸಿರಲಿಲ್ಲ.

ಅವಳಿಗೋ, ಈ ಮನೆ ಮಾರಲೇಬೇಕಿತ್ತು. ಸೇರಿದಂದಿನಿಂದ ಒಂದು ಮನೆಯೂ ಕುದುರಿರಲಿಲ್ಲ, ಕೆಲಸ ತೂಗುಯ್ಯಾಲೆಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಊರೂರು ಬದಲಾಯಿಸಿ ಸಾಕಾಗಿತ್ತು. ಮಗಳು ಪುಟ್ಟಿಯನ್ನು ಬೆಳಿಗ್ಗೆ ಶಿಶುವಿಹಾರದಲ್ಲಿ ಬಿಟ್ಟು, ಬೀದಿ ಬೀದಿ ಸುತ್ತಿ, ಸಂಜೆ ಕರೆದುಕೊಂಡು ಬಾಡಿಗೆ ರೂಮಿಗೆ ಬರುವಷ್ಟರಲ್ಲಿ ಮೈಯಲ್ಲಿ ಉಸಿರೊಂದೇ ಉಳಿದಿರುತ್ತಿತ್ತು. ಅಷ್ಟು ದಣಿದವರು ದೆವ್ವಕ್ಕೆ ಹೆದರುವುದಿಲ್ಲ. ಹೆದರಲಿಕ್ಕೂ ಸ್ವಲ್ಪ ತ್ರಾಣ ಬೇಕಲ್ಲ.

ಮನೆಯೆಲ್ಲ ನೋಡಿ ಮುಗಿಸಿ, ಬಾಗಿಲೆಳೆದು ಬೀಗ ಹಾಕುವಾಗ ಮಾವನ ಮಾತು ನೆನಪಾಗಿ ಅವಳಿಗೆ ಕುಚೋದ್ಯ ಹುಟ್ಟಿತು. ಕೀಲಿ ತಿರುಗಿಸುತ್ತ, ಬಾಗಿಲ ಸಂದಿಗೆ ಬಾಯಿಟ್ಟು ರಾಗವಾಗಿ ಹೇಳಿದಳು: "ಬರ್ತೀನಮ್ಮಾ, ಮನೆ ತಾಯೀ!"

ಒಳಗೆ ಸುತ್ತಿಗೆ ಏಟು ಒಂದು ಕೇಳಿಸಿತು. ಪಕ್ಕದ ವರ್ಕ್‌ಶಾಪಿನದ್ದು ಅಂದುಕೊಂಡಳು. ಅದು ಆಗಲೇ ಮುಚ್ಚಿ ಬೀಗ ಬಿದ್ದಿತ್ತು ಅನ್ನುವುದು ಬೀದಿಗೆ ಬಂದ ಮೇಲೆ ಕಣ್ಣಿಗೆ ಬಿತ್ತು.

ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದಾಗ ಅವಳು ಕೆಲಸಕ್ಕೆ ಇಳಿದಳು. ಮಾಲೀಕರಿಗೆ ಫೋನು ಮಾಡಿ ಒಪ್ಪಿಸಿದಳು. ಕಿಟಕಿಯ ಇಟ್ಟಿಗೆ ಒಡೆಸಿದಳು. ಹಸಿರು ಕೆರೆಸಿ ಬಿಳಿ ಬಳಿಸಿದಳು. ಪಾಯಿಖಾನೆಯ ಬಾಗಿಲನ್ನು ಬೇರೆ ಕಡೆಗೆ ತಿರುಗಿಸಿದಳು. ಕೊನೆಗೆ ಹೊಸ್ತಿಲು ತಗ್ಗಿಸಲು ಬಡಗಿಯನ್ನು ಕರೆಸಿದಳು. ಅವನು ಹಲಗೆ ಎಬ್ಬಿಸಿ, ಕೆಳಗೆ ನೋಡಿ, ಉಳಿ, ಇಕ್ಕಳಗಳನ್ನು ಅಲ್ಲೇ ಬಿಟ್ಟು ಹಿಂದೆ ಸರಿದ.

ಕೆಳಗೆ ಗಂಡಸಿನ ಒಂಟಿ ಚಪ್ಪಲಿ. ತೊಗಲು ಒಣಗಿ ಮುರುಟಿತ್ತು. ಅಂಗಾಲಿನ ಜಾಗದಲ್ಲಿ ಕಬ್ಬಿಣದ ಮೊಳೆಗಳನ್ನು ನೆಲಕ್ಕೆ ಇಳಿಯುವಂತೆ ಹೊಡೆದಿದ್ದರು. ಮೊಳೆ ಮೊಳೆಗೂ ಹೆಂಗಸಿನ ಉದ್ದನೆಯ ನರೆಗೂದಲು ಸುತ್ತಿತ್ತು.

"ಇದು ಮಾಟ ಕಣಮ್ಮ," ಅಂದ ಬಡಗಿ. "ನನಗೆ ಹೆಂಡ್ತಿ ಮಕ್ಕಳಿದ್ದಾರೆ."

"ನನಗೂ ಒಬ್ಬಳು ಮಗಳಿದ್ದಾಳೆ, ಏನೀಗ? ಮುಚ್ಚಿಬಿಡಿ, ಯಾರಿಗೂ ಕಾಣಲ್ಲ."

ಅವನು ಮುಚ್ಚಲಿಲ್ಲ, ಹೊರಟೇಹೋದ. ಅವಳೇ ಹಲಗೆ ಕೂರಿಸಿ ಮುಚ್ಚಿದಳು.

ಆ ಸಂಜೆ ಶಿಶುವಿಹಾರದ ಕಡೆ ಹೊರಟಳು. ನಾಳೆ ಯಾರ್ಯಾರಿಗೆ ಮನೆ ತೋರಿಸುವುದು ಎಂದು ಯೋಚಿಸುತ್ತ ನಡೆದು ತಲೆ ಎತ್ತಿದರೆ ಎದುರಿಗೆ ಅದೇ ಬಾಗಿಲು. ಅವಳ ಕೈ ಕೀಲಿ ತಿರುಗಿಸುತ್ತಿತ್ತು. ಥೂ, ಗಾಣದೆತ್ತಿನ ಬಾಳಾಯಿತು ಎಂದು ತನ್ನನ್ನೇ ಬೈದುಕೊಂಡು ತಿರುಗಿದಳು. ಆಗ ಒಳಗಿನ ಕೋಣೆಯಿಂದ ಕೇಳಿಸಿತು. ಬಹಳ ದಿನ ಕಾದು ಸುಸ್ತಾದವರ ಧ್ವನಿ.

"ಬಂದ್ಯಾ?"

ಓಡಿದಳು. ಅಂಗಾಲಿನಲ್ಲಿ ಮುಳ್ಳು ಮುರಿದಂತೆ ನೋವು. ಶಿಶುವಿಹಾರದಲ್ಲಿ ಮಕ್ಕಳೆಲ್ಲ ಹೋಗಿ ಪುಟ್ಟಿ ಒಬ್ಬಳೇ ಚೀಲ ತಬ್ಬಿಕೊಂಡು ಕೂತಿದ್ದಳು.

"ಎಲ್ಲಿ ಹೋಗಿದ್ದೆ ಅಮ್ಮ?" ಅಂದಳು ಮಗು. ಅಮ್ಮ ಅವಳನ್ನು ಎತ್ತಿಕೊಂಡು ನಡೆದಳು.

ಅಂದಿನಿಂದ ಅದೇ ಪಾಡು. ತರಕಾರಿಗೆ ಹೊರಟರೆ ಆ ಮನೆ. ಬಸ್ಸು ಹತ್ತಿದರೆ ಆ ಬೀದಿಯಲ್ಲೇ ಇಳಿದಿರುತ್ತಿದ್ದಳು. ಬಿಡಿಸಿಕೊಂಡು ಹೊರಡುವ ಹೊತ್ತಿಗೆ ಸಂಜೆ ಕಳೆದಿರುತ್ತಿತ್ತು. ದೂರ ನಡೆದಷ್ಟೂ ಅಂಗಾಲು ಉರಿಯುತ್ತಿತ್ತು. ರಾತ್ರಿ ಕಾಲು ತೊಳೆಯುವಾಗ ನೋಡಿಕೊಂಡಳು: ಅಂಗಾಲಿನಲ್ಲಿ ಸಣ್ಣ ಸಣ್ಣ ತೂತು, ರಕ್ತವಿಲ್ಲ, ಸುತ್ತ ತುಕ್ಕಿನ ಬಣ್ಣ. ಒಳಗಿನ ಧ್ವನಿ "ಬಂದ್ಯಾ" ಬಿಟ್ಟು ಈಗ "ಕೂತ್ಕೋ" ಅನ್ನತೊಡಗಿತ್ತು. ಕೂರುವ ಆಸೆಯೂ ಆಗುತ್ತಿತ್ತು ಅವಳಿಗೆ. ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ಅಷ್ಟು ದಣಿದಿದ್ದಳು ಪಾಪ.

ಮನೆಯನ್ನು ನೋಡಲು ಒಂದು ಜೋಡಿ ಬರುವುದಿದ್ದ ದಿನ ಬೆಳಿಗ್ಗೆ ಪುಟ್ಟಿಗೆ ಮೈ ಬಿಸಿಯಿತ್ತು. ನೋಡಿಕೊಳ್ಳುವವರು ಇನ್ಯಾರೂ ಇಲ್ಲ. ಶಿಶುವಿಹಾರದ ಆಯಾ ಕೈಗೆ ಒಪ್ಪಿಸಿ, "ಮಧ್ಯಾಹ್ನವೇ ಬರ್ತೀನಿ ಪುಟ್ಟಿ," ಅಂದಳು. ಜೋಡಿ ಬರುವುದು ಇಳಿಹೊತ್ತಿಗೆ. ಅದಕ್ಕೂ ಮೊದಲೇ ಅವಳ ಕಾಲು ಅವಳನ್ನು ತಂದು ಆ ಮನೆಯೊಳಗೆ ನಿಲ್ಲಿಸಿತು.

ಮಧ್ಯಾಹ್ನ ಆಯಾಳ ಫೋನು. "ಜ್ವರ ಏರ್ತಾ ಇದೆ ಕಣಮ್ಮ. ಮಗು ಅಮ್ಮಾ ಅಮ್ಮಾ ಅಂತಿದೆ. ಬೇಗ ಬಾ."

ಹೊರಟಳು. ಮೆಟ್ಟಿಲಿಳಿದಳು. ಬೀದಿ ತಿರುವಿನಲ್ಲಿ ತಿರುಗಿದಳು. ನಡುಮನೆಯಲ್ಲಿ ನಿಂತಿದ್ದಳು. ಮತ್ತೆ ಹೊರಟಳು. ಈ ಸಲ ಓಡಿದಳು. ಮತ್ತೆ ನಡುಮನೆ. ಬಿಳಿಗೋಡೆ. ಹೊಸ ಸುಣ್ಣದ ವಾಸನೆಯ ಅಡಿಯಿಂದ ಸುಟ್ಟ ಕೂದಲಿನ ಕಮಟು ಮೇಲೇಳುತ್ತಿತ್ತು.

ಬಡಗಿ ಬಿಟ್ಟುಹೋದ ಇಕ್ಕಳ ಹುಡುಕಿ, ಹಲಗೆ ಎಬ್ಬಿಸಿ, ಒಂದು ಮೊಳೆಯನ್ನು ಹಿಡಿದು ಜಗ್ಗಿದಳು. ಮೊಳೆ ಅಲುಗಿತು. ಅವಳ ಅಂಗಾಲು ಸೀಳಿತು. ಚೀರಿಕೊಂಡು ಕೆಳಗೆ ಕುಸಿದಳು. ಬಿಸಿ ರಕ್ತ ಅವಳ ಚಪ್ಪಲಿಯೊಳಗೆ ಜಿನುಗಿತು. ಒಳಗಿನಿಂದ ಸಮಾಧಾನದ ಧ್ವನಿ: "ಕೂತ್ಕೋ. ಇನ್ನೆಲ್ಲಿಗೆ ಹೋಗ್ತೀಯಾ?"

ಕುಸಿದಲ್ಲಿಂದಲೇ ಮಾವನಿಗೆ ಫೋನು ಮಾಡಿದಳು. ಅವಳು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು.

"ಅಂದ್ಯಾ?"

"ತಮಾಷೆಗೆ ಅಂದೆ ಮಾವ."

"ಆ ಮನೆಯಲ್ಲಿ ಒಬ್ಬಳಿದ್ಲು. ಗಂಡ ಬರ್ತೀನಿ ಅಂತ ಹೋದೋನು ಬರಲೇ ಇಲ್ಲ. ಕಾದು ಕಾದು ಮುದುಕಿಯಾದ್ಲು. ಅವನು ಬಿಟ್ಟುಹೋದ ಚಪ್ಪಲಿಗೆ ಮೊಳೆ ಹೊಡೆದು ಮಾಟ ಮಾಡಿ ಸತ್ತಳು. ಬರ್ತೀನಿ ಅಂದೋನು ಬರಲೇಬೇಕು ಅಂತ. ಅವನು ಅಷ್ಟೊತ್ತಿಗೆ ಎಲ್ಲೋ ಸತ್ತಿದ್ದ. ಮಾಟಕ್ಕೆ ಅದು ಗೊತ್ತಾಗಬೇಕಲ್ಲ? ಯಾರಂದ್ರೂ ಹಿಡ್ಕೊಳ್ಳುತ್ತೆ. ಮೊದಲೊಬ್ಬ ಹಾಗಂದು, ಒಳಕೋಣೇಲಿ ಕೂತವನು ಏಳಲೇ ಇಲ್ಲ. ಅನ್ನ ನೀರು ಬಿಟ್ಟು ಕೂತಲ್ಲೇ ಹೋದ."

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ಯಾ? ಆ ದರಿದ್ರ ಬಣ್ಣ ನಾನೇ ಬಳಿಸಿದ್ದು ಕಣೇ. ಕಿಟಕಿ ಮುಚ್ಚಿಸಿದ್ದು ನಾನು, ಚಿಲಕ ಕೀಳಿಸಿದ್ದು ನಾನು. ಬಂದೋರು ಅಸಹ್ಯಪಟ್ಕೊಂಡು ತುಟಿ ಬಿಚ್ಚದೆ ಹೋಗ್ಲಿ ಅಂತ. ಹಿಡಿಸಿದ್ರೆ ತಾನೇ 'ಬರ್ತೀವಿ' ಅನ್ನೋದು? ನೀನು ಅದನ್ನ ಮದುವಣಗಿತ್ತಿ ಹಾಗೆ ಸಿಂಗರಿಸಿಟ್ಟಿದ್ದೀಯ."

"ಬಿಡಿಸ್ಕೊಳ್ಳೋಕೆ ದಾರಿ ಇಲ್ವಾ? ಮಗಳಿಗೆ ಜ್ವರ ಮಾವ..."

ಮಾವ ಮೆಲ್ಲಗೆ, ಹೇಳಬಾರದ್ದನ್ನು ಹೇಳುವವರ ಹಾಗೆ ಹೇಳಿದರು: "ಇನ್ನೊಬ್ರು ಅಂದ್ರೆ ನಿನ್ನ ಬಿಡುತ್ತೆ. ಆದ್ರೆ ಬೇಡ ತಾಯಿ. ನಾನು ಏನಾದ್ರೂ ಮಾಡ್ತೀನಿ. ಬರೋರನ್ನ ಒಳಗೆ ಬಿಡ್ಬೇಡ."

ಫೋನು ಇಟ್ಟು, ಹಲಗೆ ಕೂರಿಸಿ ಏಳುವಷ್ಟರಲ್ಲಿ ಬಾಗಿಲಲ್ಲಿ ಆ ಜೋಡಿ ನಿಂತಿತ್ತು.

ಚಿಕ್ಕ ವಯಸ್ಸಿನವರು. ಹುಡುಗಿ ಬಸುರಿ, ನಡೆದು ಬಂದ ಆಯಾಸಕ್ಕೆ ಮುಖ ಕೆಂಪಾಗಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕದಲ್ಲಿ ನಿಂತು ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಎಷ್ಟು ಬೆಳಕಿದೆ ನೋಡ್ರೀ," ಅಂದಳು.

ಕೀಲಿಯಕ್ಕನಲ್ಲಿ ಇನ್ನೂ ಒಳ್ಳೆಯತನ ಉಳಿದಿತ್ತು. ಅದನ್ನು ಹೇಳಲೇಬೇಕು. "ಗೋಡೆಗೆ ತೇವ ಏರುತ್ತೆ," ಅಂದಳು. "ಪಕ್ಕದಲ್ಲಿ ತಗಡು ಬಡೀತಾರೆ. ಮಗು ಮಲಗಲ್ಲ. ಒಳಕೋಣೆ ಕತ್ತಲೆ. ವಾಸನೆ ಬರುತ್ತೆ."

"ಎಲ್ಲಾ ಮನೇಲೂ ಏನೋ ಒಂದು ಇರುತ್ತಲ್ಲ ಅಕ್ಕ," ಹುಡುಗಿ ನಕ್ಕಳು. "ನಿಮ್ಮಂಥ ದಲ್ಲಾಳಿನ ನೋಡೇ ಇರ್ಲಿಲ್ಲ. ಎಷ್ಟು ನಿಜ ಹೇಳ್ತೀರ!"

ಗಂಡ ಎಚ್ಚರದವನು. ನಲ್ಲಿ ತಿರುಗಿಸಿದ, ಗೋಡೆ ತಟ್ಟಿದ. "ಯೋಚನೆ ಮಾಡಿ ಹೇಳ್ತೀವಿ," ಅಂದ. ಇಬ್ಬರೂ ಹೊಸ್ತಿಲು ದಾಟಿದರು. ಅವಳಿಗೆ ಒಂದು ಕ್ಷಣ ಎದೆ ಹಗುರಾಯಿತು.

ಫೋನು ಬಡಿದುಕೊಂಡಿತು. ಆಯಾ ಅಳುತ್ತಿದ್ದಳು. "ಮಗು ಕಣ್ಣು ಮೇಲೆ ಮಾಡ್ತಿದೆ ಕಣೇ! ಆಟೋದವನನ್ನ ನಿಲ್ಸಿದ್ದೀನಿ. ಎಲ್ಲಿದ್ದೀಯೇ ನೀನು? ತಾಯಿನಾ ನೀನು?"

ಫೋನಿನಲ್ಲಿ ಪುಟ್ಟಿಯ ನರಳಾಟ. ಮುಂದೆ ಬೀದಿ. ಒಳಗಿನಿಂದ ಸುತ್ತಿಗೆ. ಠಣ್. ಅಂಗಾಲಿಗೆ ಮೊಳೆ ಇಳಿಯಿತು. ಠಣ್. "ಕೂತ್ಕೋ." ಮಂಡಿ ಮಡಿಚತೊಡಗಿತು. ಠಣ್. ಜೋಡಿ ಗೇಟು ತಲುಪಿತ್ತು. ಹುಡುಗಿ ಚಿಲಕಕ್ಕೆ ಕೈ ಹಾಕಿದ್ದಳು. ಇನ್ನೊಂದು ಹೆಜ್ಜೆ. ಇನ್ನೊಂದೇ.

"ತಂಗೀ!" ಅಂತ ಕೂಗಿದಳು ಕೀಲಿಯಕ್ಕ.

ಹುಡುಗಿ ತಿರುಗಿದಳು.

"ಮತ್ತೆ... ಬರ್ತೀರಾ?"

"ಬರ್ತೀವಿ ಅಕ್ಕ!" ಅಂದಳು ಹುಡುಗಿ, ಮುಖದ ತುಂಬ ನಗುತ್ತ.

ಸುತ್ತಿಗೆ ನಿಂತಿತು. ಅಂಗಾಲಿನ ನೋವು ಹಿಡಿದು ಎಳೆದಂತೆ ಹೊರಟುಹೋಯಿತು. ಅವಳು ಬಾಗಿಲು ಹಾಕಲಿಲ್ಲ, ಬೀಗ ಹಾಕಲಿಲ್ಲ, ಅವರನ್ನು ದಾಟಿ ಓಡಿದಳು. ಬೀದಿ ತಿರುವು ಬಂತು. ತಿರುಗಿದಳು. ಅದರಾಚೆ ಇನ್ನೊಂದು ಬೀದಿ ಇತ್ತು! ಬಿಕ್ಕಿ ಬಿಕ್ಕಿ ಅಳುತ್ತ ಓಡಿದಳು.

ಡಾಕ್ಟರು ಚುಚ್ಚುಮದ್ದು ಕೊಟ್ಟರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು. ದೀಪ ಹಚ್ಚುವ ಹೊತ್ತಿಗೆ ಪುಟ್ಟಿಯ ಹಣೆ ತಣ್ಣಗಾಗಿತ್ತು, ಅವಳು ಅಮ್ಮನ ಸೆರಗಿನ ತುದಿ ಹಿಡಿದುಕೊಂಡು ನಿದ್ದೆ ಹೋಗಿದ್ದಳು.

ಆಗ ಫೋನು ಬಂತು. ಆ ಹುಡುಗಿಯ ಗಂಡ.

"ಅಕ್ಕ, ತೊಂದ್ರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಇವಳು ಬಸ್ಸಿಂದ ಇಳಿದವಳೇ ವಾಪಸ್ ನಡೆದುಬಿಟ್ಲು, ಆ ಮನೆ ಕಡೆಗೆ. ಎಷ್ಟು ಕೂಗಿದ್ರೂ ತಿರುಗ್ತಿಲ್ಲ. ಕಾಲು ಕುಂಟ್ತಿದ್ದಾಳೆ. ತುಂಬಿದ ಬಸುರಿ ಅಕ್ಕ... ನೀವು ಆಮೇಲೆ ಬಂದು ಬೀಗ ಹಾಕಿದ್ದೀರಿ ತಾನೆ? ಬೀಗ ನೋಡಿ ವಾಪಸ್ ಬರ್ತಾಳೆ ಅಲ್ವಾ?"

ಕೀಲಿಯಕ್ಕ ಮಗಳ ಮುಖ ನೋಡಿದಳು. ಹೇಳಬಹುದಾದ ಮಾತು ಒಂದಿತ್ತು: ಇನ್ನೊಬ್ಬರು ಅಂದರೆ ಬಿಡುತ್ತದೆ. ಹೇಳಿದರೆ ಆ ಪಾಪದವನು ಯಾರ ಹತ್ತಿರ ಅನ್ನಿಸಿಯಾನು? ತಾನೇ ಅಂದುಬಿಟ್ಟಾನು. ಇಲ್ಲವೇ ಮನೆ ತೋರಿಸಿದ ಅಕ್ಕನನ್ನೇ ಹುಡುಕಿಕೊಂಡು ಬಂದಾನು. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಉಗುಳಿನ ಜೊತೆ ನುಂಗಿದಳು.

"ಇಲ್ಲಪ್ಪ," ಅಂದಳು. "ಬಾಗಿಲು ತೆರೆದೇ ಇದೆ."

ಫೋನು ಆಫ್ ಮಾಡಿ, ಮಗಳ ಮಗ್ಗುಲಲ್ಲಿ ಒರಗಿದಳು. ನಿದ್ದೆ ಬರುವುದಿಲ್ಲ ಅಂದುಕೊಂಡಿದ್ದಳು. ತಲೆಯಿಟ್ಟ ಕೂಡಲೇ ಬಂತು, ಎಷ್ಟೋ ವರ್ಷಗಳಿಂದ ಬಾರದಿದ್ದಂಥ ನಿದ್ದೆ.