ಲಾರಿಯ ಹೊಟ್ಟೆಯಡಿಯ ದೀಪ

“ಏ ಚೂಟಿ, ಕೈ ತೆಗಿ. ಬಾಗಿಲು ತೂತಾಗೋ ತನಕ ಉಜ್ತೀಯಾ ಹೇಗೆ?”

ಅತ್ತೆ ಓಡಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಹಳೇ ಲಾರಿಯ ಬಾಗಿಲಿನ ನೀಲಿ ಬಣ್ಣ ಹೋಗಿತ್ತು. ಅದರಡಿಯ ಹಸಿರೂ ಹೋಗಿತ್ತು. ಸ್ಯಾಂಡ್ ಪೇಪರ್ ಹಿಡಿದು ನಿಂತ ಚೂಟಿಯ ಮುಂದೆ ಬರೀ ತಗಡು ಹೊಳೆಯುತ್ತಿತ್ತು.

“ಹಸಿರಿನ ಮೇಲೆ ಆರ್ಮಿ ನಂಬರ್ ಇರಬಹುದು ಅಂತ ನೀವೇ ಹೇಳಿದ್ರಲ್ಲ ಅತ್ತೆ.”

“ಮೆಲ್ಲಗೆ ಉಜ್ಜಿದ್ರೆ ಕಾಣಬಹುದು ಅಂದಿದ್ದೆ. ನೀನು ಸೀದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದೀಯ.”

ಚೂಟಿಗೆ ಅಳು ಬಂತು. ಅತ್ತೆಯ ಗ್ಯಾರೇಜಿಗೆ ಯುದ್ಧಕ್ಕೆ ಹೋಗಿಬಂದ ಲಾರಿಯೊಂದು ರಿಪೇರಿಗೆ ಬಂದಿದೆ ಎಂದು ಅವಳು ನಿನ್ನೆ ಕ್ಲಾಸಿನಲ್ಲಿ ಜಂಬ ಕೊಚ್ಚಿದ್ದಳು. ಪಕ್ಕದ ಬೆಂಚಿನ ಹುಡುಗ ತಕ್ಷಣ ಎದ್ದು ನಿಂತಿದ್ದ. ದಪ್ಪ ಕನ್ನಡಕ ಹಾಕುವುದರಿಂದ ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಾರೆ.

“ರೀಲು ಬಿಡಬೇಡ. ಆ ಲಾರಿ ನಾನೂ ನೋಡಿದೀನಿ. ನಮ್ಮ ತಾತ ತರಕಾರಿ ಸಾಗಿಸ್ತಿದ್ದ ಲಾರಿ ಥೇಟ್ ಹಾಗೇ ಇತ್ತು. ನಾಳೆ ಫೋಟೊ ತರ್ತೀನಿ.”

ಕ್ಲಾಸಿಗೆ ಕ್ಲಾಸೇ ನಕ್ಕಿತ್ತು.

ಹೇಳಿದಂತೆ ಕನ್ನಡಕ ಈ ಸಂಜೆ ಗ್ಯಾರೇಜಿಗೆ ಬಂದೇಬಿಟ್ಟ. ಫೋಟೊವನ್ನು ಲಾರಿಯ ಪಕ್ಕಕ್ಕೆ ಹಿಡಿದ. ಅದೇ ಬಾನೆಟ್, ಅದೇ ಜಾಲರಿ, ಅದೇ ಬಾಗಿಲು. ಚೂಟಿಯ ಮುಖ ಸಪ್ಪಗಾಯಿತು. ನಾಳೆಯಿಂದ ನನ್ನನ್ನು ಯಾರೂ ನಂಬುವುದಿಲ್ಲ ಎಂದುಕೊಂಡಳು.

ಅತ್ತೆ ಕೈಯ ಗ್ರೀಸ್ ಒರೆಸಿಕೊಂಡು ಫೋಟೊ ನೋಡಿದರು. “ಅವನು ಹೇಳಿದ್ದು ಸರಿ ಕಣೆ. ಎರಡೂ ಒಂದೇ ಮಾಡೆಲ್. ಯುದ್ಧ ಬಂದಾಗ ಹೊಸ ಲಾರಿ ಮಾಡೋಕೆ ಪುರುಸೊತ್ತು ಎಲ್ಲಿತ್ತು? ಪೇಟೆ ಲಾರಿನೇ ತಗೊಂಡು ಬೇಕಾದ ಹಾಗೆ ಬದಲಾಯಿಸಿದ್ರು. ಏನೇನು ಬದಲಾಯಿಸಿದ್ರು ಅಂತ ನೀವೇ ಹುಡುಕಿ.”

ಮೊದಲು ಹುಡುಕಿದ್ದು ಕನ್ನಡಕನೇ. “ತಾತನ ಲಾರಿಗೆ ಹಿಂದುಗಡೆ ಒಂದೊಂದು ಪಕ್ಕಕ್ಕೂ ಎರಡೆರಡು ಟಯರ್. ಇದಕ್ಕೆ ಒಂದೇ, ಆದ್ರೆ ದೊಡ್ಡದು.”

“ಜೋಡಿ ಟಯರ್ ಮಧ್ಯೆ ಕೆಸರು ಕಚ್ಕೊಳ್ಳುತ್ತೆ. ಲಾರಿ ಅಲ್ಲೇ ಹೂತ್ಕೊಳ್ಳುತ್ತೆ,” ಎಂದರು ಅತ್ತೆ.

ಚೂಟಿ ಕ್ಯಾಬಿನ್ ಹತ್ತಿದಳು. ಚಾವಣಿಯಲ್ಲಿ ದುಂಡನೆಯ ತಗಡಿನ ತೇಪೆ ಇತ್ತು. ಅತ್ತೆ ಹೇಳಿದಂತೆ, ಯುದ್ಧದ ಕಾಲದಲ್ಲಿ ಅಲ್ಲಿ ಒಂದು ಕಿಂಡಿ ಇತ್ತಂತೆ. ಒಬ್ಬ ಸೈನಿಕ ಅದರಲ್ಲಿ ತಲೆ ತೂರಿಸಿ, ವಿಮಾನ ಬಂತೇ ಎಂದು ನೋಡುತ್ತಿದ್ದನಂತೆ.

ಆಮೇಲೆ ಇದ್ದ ಒಂದೇ ಟಾರ್ಚನ್ನು ಚೂಟಿ ಹಿಡಿದು, ಇಬ್ಬರೂ ಲಾರಿಯ ಕೆಳಗೆ ತೆವಳಿದರು. ಹಿಂದಿನ ಚಕ್ರಗಳನ್ನು ಜೋಡಿಸುವ ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿದ ಒಂದು ಕಬ್ಬಿಣದ ಗುಂಡು. ಅದರ ಮೇಲೆ ಮಾಸಿದ ಬಿಳಿ ಬಣ್ಣ. ಒಂದು ಪುಟ್ಟ ದೀಪ ಅದರ ಕಡೆಗೇ ತಿರುಗಿತ್ತು.

“ಅತ್ತೆ, ಇದ್ಯಾಕೆ ಹೀಗಿದೆ? ಇದರಿಂದ ರಸ್ತೆನೇ ಕಾಣಲ್ವಲ್ಲ.”

ಅತ್ತೆ ಬಗ್ಗಿ ನೋಡಿದರು. “ರಾತ್ರಿ ದೊಡ್ಡ ಲೈಟ್ ಹಾಕಿದ್ರೆ ಶತ್ರುಗೆ ಗೊತ್ತಾಗ್ತಿತ್ತು. ಅದಕ್ಕೆ ಹಿಂದಿನ ಲಾರಿಯೋನು ಈ ಪುಟ್ಟ ದೀಪದಲ್ಲಿ ಕಾಣೋ ಬಿಳಿ ಗುಂಡು ನೋಡ್ಕೊಂಡು ಬರ್ತಿದ್ದ.”

“ಅಂದ್ರೆ ಈ ದೀಪ ಈ ಲಾರಿಗಲ್ವಾ?”

“ಅಲ್ಲ. ಹಿಂದೆ ಬರೋನಿಗೆ.”

“ನಾಳೆ ಕ್ಲಾಸಲ್ಲಿ ಏನು ಹೇಳ್ತೀಯ?” ಎಂದು ಕನ್ನಡಕ ಮೆಲ್ಲಗೆ ಕೇಳಿದ.

‘ರೀಲು ಬಿಟ್ಟೋರು ಯಾರು, ಈಗ ಹೇಳು’ ಎಂದು ಕೇಳಲು ಚೂಟಿ ನಿನ್ನೆಯಿಂದ ಕಾಯುತ್ತಿದ್ದಳು. ಯಾಕೋ ಆ ಮಾತು ಬಾಯಿಗೆ ಬರಲಿಲ್ಲ.

“ನೀನು ಫೋಟೊ ತೋರಿಸಿ ಲಾರಿಯ ಮುಂದಿನ ಅರ್ಧದ ಕಥೆ ಹೇಳು. ಹಿಂದಿನ ಅರ್ಧ ನಾನು ಹೇಳ್ತೀನಿ.”

“ಟಯರ್ ಹಿಂದಿನ ಅರ್ಧದ್ದಲ್ವಾ?”

“ಅದೂ ನೀನೇ ಹೇಳು. ಹುಡುಕಿದ್ದು ನೀನೇ ತಾನೇ.”

ಅವಳು ಮೊದಲು ಹೊರಗೆ ತೆವಳತೊಡಗಿದಳು. ಮುಂದೆ ಕತ್ತಲಿತ್ತು, ಮೊಣಕೈ ತರಚಿತು. ಆದರೂ ಟಾರ್ಚನ್ನು ಹಿಂದೆ ಬರುತ್ತಿದ್ದ ಕನ್ನಡಕನ ಕಡೆಗೇ ತಿರುಗಿಸಿ ಹಿಡಿದಿದ್ದಳು.